ಐವರು ಸ್ನೇಹಿತರು, ಒಂದೇ ನಂಬರು: ಊರಿನ ಕೆಲಸಗಾರರ ಬಗ್ಗೆ ಯಾರ ಮಾತನ್ನು ನಂಬುವುದು?

ಕಟಪಾಡಿಯ ಮಗಳು, ಈಗ ಬಿಜೈ ನಿವಾಸಿ:
ಎಲ್ಲರಿಗೂ ನಮಸ್ಕಾರ. ಕಟಪಾಡಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಹಳೆಯ ಹಂಚಿನ ಮನೆಯಿದೆ. ಅಲ್ಲಿ ನನ್ನ ಅಮ್ಮ ಒಬ್ಬರೇ ಇದ್ದಾರೆ. ಕಳೆದ ಮಳೆಗಾಲದಲ್ಲಿ ಅಡುಗೆಕೋಣೆಯ ಮೂಲೆ ಸೋರಿದ್ದರಿಂದ, ಈ ವರ್ಷ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮುಂಚೆಯೇ ಮಾಡನ್ನು, ಅಂದರೆ ಮನೆಯ ಛಾವಣಿಯನ್ನು, ಸರಿಮಾಡಿಸಿಬಿಡಬೇಕೆಂದು ಏಪ್ರಿಲ್‌ನಲ್ಲಿ ಕಾಲೇಜಿನ ಗೆಳತಿಯರ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲೂ ಫೇಸ್‌ಬುಕ್‌ನಲ್ಲೂ, "ಉಡುಪಿ ಕಡೆ ಮಾಡಿನ ಕೆಲಸ ಮಾಡುವ ಒಳ್ಳೆಯವರು ಯಾರಿದ್ದಾರೆ?" ಎಂದು ಕೇಳಿದೆ. ಒಂದು ಗಂಟೆಯೊಳಗೆ ಏಳು ಉತ್ತರಗಳು ಬಂದವು. ಅವುಗಳಲ್ಲಿ ಐದರಲ್ಲಿ ಇದ್ದದ್ದು ಒಂದೇ ನಂಬರು. ಇಪ್ಪತ್ತು ವರ್ಷಗಳಿಂದ ಗೊತ್ತಿರುವ ಐದು ಮಂದಿ ಒಬ್ಬರ ಹೆಸರನ್ನೇ ಹೇಳುತ್ತಿರುವಾಗ ಇನ್ನು ವಿಚಾರಿಸುವುದೇನಿದೆ ಎಂದುಕೊಂಡು ಅವರಿಗೇ ಕೆಲಸ ಒಪ್ಪಿಸಿದೆ.

40,000 ರೂಪಾಯಿ ಮುಂಗಡ ಕೊಟ್ಟೆ. ಆರು ದಿನ ಕೆಲಸ ನಡೆಯಿತು. ಜೂನ್ ಮೊದಲ ವಾರದ ಮಳೆಗೆ ಅಡುಗೆಕೋಣೆ ಮಾತ್ರವಲ್ಲ, ಅದುವರೆಗೆ ಒಂದು ಹನಿಯೂ ಬೀಳದಿದ್ದ ದೇವರಕೋಣೆಯೂ ಸೋರಿತು. ಎರಡು ಬಾರಿ "ನಾಳೆ ಬರುತ್ತೇನೆ" ಎಂದವರು ಮೂರನೆಯ ಬಾರಿ ಫೋನನ್ನೇ ಎತ್ತಲಿಲ್ಲ. ಅಮ್ಮ ಎರಡು ರಾತ್ರಿ ನಿದ್ದೆಗೆಟ್ಟು ಬಾಲ್ದಿಗಳನ್ನು ಬದಲಾಯಿಸುತ್ತ ಕುಳಿತಿದ್ದರು.

ಆಮೇಲೆ ಐವರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಅವರಲ್ಲಿ ಯಾರೂ ಆ ವ್ಯಕ್ತಿಯಿಂದ ಕೆಲಸ ಮಾಡಿಸಿರಲಿಲ್ಲ. ಒಬ್ಬಳಿಗೆ ಅತ್ತಿಗೆ ಕಳುಹಿಸಿದ್ದ ನಂಬರು. ಇನ್ನೊಬ್ಬಳಿಗೆ ಅವರ ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ಸಿಕ್ಕಿದ್ದು. ಮತ್ತೊಬ್ಬಳು ರಸ್ತೆಯಲ್ಲಿ ಅವರ ಪಿಕಪ್ ವಾಹನದ ಮೇಲೆ ಬರೆದದ್ದನ್ನು ಕಂಡು ಫೋಟೋ ತೆಗೆದಿಟ್ಟುಕೊಂಡಿದ್ದಳು. ಉಳಿದಿಬ್ಬರು ಯಾರೋ ಹಾಕಿದ್ದನ್ನು ಮುಂದೆ ಕಳುಹಿಸಿದವರು. ನನಗೆ ಅವರ ಮೇಲೆ ಸಿಟ್ಟಿಲ್ಲ, ಏಕೆಂದರೆ ಎಲ್ಲರೂ ನನಗೆ ನೆರವಾಗಬೇಕೆಂದೇ ಉತ್ತರಿಸಿದವರು. ಆದರೆ ಇನ್ನು ಮುಂದೆ ಕೇಳುವುದು ಹೇಗೆ, ಬಂದ ಉತ್ತರವನ್ನು ತೂಗುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಕುಂಜಿಬೆಟ್ಟಿನ ನಿವೃತ್ತ ಮೇಷ್ಟ್ರು:
ನಿಮ್ಮ ತಾಯಿಯವರ ಕಷ್ಟ ಓದಿ ಬೇಸರವಾಯಿತು. ನನ್ನ ತಂದೆಯ ಕಾಲದಲ್ಲಿ ಬಡಗಿ ಬೇಕಾದರೆ ಜಿನಸಿನ ಅಂಗಡಿಯ ಧಣಿಗಳಿಗೆ ಹೇಳಿದರೆ ಸಾಕಿತ್ತು. ಅವರು ಹೇಳಿಕಳುಹಿಸಿದ ಬಡಗಿ ಕೆಲಸ ಕೆಡಿಸಿದರೆ, ಅದೇ ಧಣಿಗಳು ಅವನನ್ನು ಅಂಗಡಿಯ ಜಗಲಿಗೆ ಕರೆಸಿ ಎಲ್ಲರೆದುರು ಕೇಳುತ್ತಿದ್ದರು. ಬಡಗಿಯೂ ಅದೇ ಅಂಗಡಿಯಲ್ಲಿ ಸಾಲದ ಲೆಕ್ಕ ಬರೆಸುವವನು, ನಾವೂ ಅಲ್ಲಿಯೇ. ಆದ್ದರಿಂದ ಹೆಸರು ಹೇಳುವವರು ಹತ್ತು ಬಾರಿ ಯೋಚಿಸಿ ಹೇಳುತ್ತಿದ್ದರು. ಈಗ ನಂಬರು ಕಳುಹಿಸುವುದಕ್ಕೆ ಎರಡು ಕ್ಷಣ ಸಾಕು, ಮತ್ತು ಕೆಲಸ ಕೆಟ್ಟರೆ ಕಳುಹಿಸಿದವರನ್ನು ಯಾರೂ ಕೇಳುವುದಿಲ್ಲ.

ಕೊಟ್ಟಾರದಿಂದ ಒಬ್ಬರು:
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಹಿಂದಿನದನ್ನು ಅಷ್ಟು ಹೊಗಳಬೇಡಿ. 1990ರ ದಶಕದಲ್ಲಿ ನಾವು ಮನೆ ಕಟ್ಟುವಾಗ ದೊಡ್ಡಪ್ಪನ ಪರಿಚಯದ ಮೇಸ್ತ್ರಿಯನ್ನೇ ಇಟ್ಟುಕೊಳ್ಳಬೇಕಾಯಿತು. ತಾರಸಿ ಮೊದಲ ವರ್ಷವೇ ಬಿರುಕು ಬಿಟ್ಟಿತು. ದೊಡ್ಡಪ್ಪನ ಮುಖ ನೋಡಿ ನಮ್ಮ ತಂದೆ ಒಂದು ಮಾತೂ ಆಡಲಿಲ್ಲ. ಹೆಸರು ಹೇಳಿದವರ ಮರ್ಯಾದೆಯೇ ದೊಡ್ಡದಾದಾಗ ಕೆಲಸ ಕೆಟ್ಟದ್ದನ್ನು ಬಾಯಿಬಿಟ್ಟು ಹೇಳುವುದಕ್ಕೂ ಆಗುತ್ತಿರಲಿಲ್ಲ.

ಬ್ರಹ್ಮಾವರದ ಗೃಹಿಣಿ:
ಅಕ್ಕ, ಆ ಐವರಲ್ಲಿ ಒಬ್ಬರೂ "ನಾನು ಮಾಡಿಸಿ ನೋಡಿಲ್ಲ" ಎಂದು ಹೇಳಲಿಲ್ಲವೇ?

ಕಟಪಾಡಿಯ ಮಗಳು:
ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಣಿಪಾಲದ ತಂತ್ರಜ್ಞ:
ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ನೋಡಬೇಕು. ಐದು ಜನ ತಾವೇ ಕಂಡದ್ದನ್ನು ಬೇರೆಬೇರೆಯಾಗಿ ಹೇಳಿದರೆ ಅದು ಐದು ಸಾಕ್ಷಿ. ಒಬ್ಬರು ಹೇಳಿದ್ದನ್ನು ಐದು ಜನ ದಾಟಿಸಿದರೆ ಅದು ಒಂದೇ ಸಾಕ್ಷಿ. ಫೋನಿನ ಪರದೆಯ ಮೇಲೆ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ. ವಾಟ್ಸ್‌ಆ್ಯಪ್ 2018ರಲ್ಲಿ ಮುಂದೆ ಕಳುಹಿಸಿದ ಸಂದೇಶಗಳ ಮೇಲೆ "ಫಾರ್ವರ್ಡೆಡ್" ಎಂಬ ಗುರುತು ಹಾಕಲು ಆರಂಭಿಸಿತು, ಅದೇ ವರ್ಷ ಭಾರತದಲ್ಲಿ ಒಂದು ಬಾರಿಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿಯನ್ನೂ ತಂದಿತು. ಅದು ವದಂತಿಗಳನ್ನು ತಡೆಯಲು ಮಾಡಿದ ಏರ್ಪಾಡು. ಆದರೆ ಪ್ಲಂಬರ್ ನಂಬರಿಗೂ ಆ ಗುರುತನ್ನು ನೋಡುವ ಅಭ್ಯಾಸ ಒಳ್ಳೆಯದು. ಗುರುತು ಇಲ್ಲದಿದ್ದರೂ ಅವರು ತಾವೇ ಕಂಡದ್ದು ಎಂದು ಭಾವಿಸಬೇಡಿ, ಏಕೆಂದರೆ ನಂಬರನ್ನು ನಕಲು ಮಾಡಿ ಅಂಟಿಸಿದರೆ ಗುರುತು ಬರುವುದಿಲ್ಲ.

ಫೇಸ್‌ಬುಕ್ ಕೂಡ 2016ರಲ್ಲಿ ಸ್ನೇಹಿತರಿಂದ ಅಂಗಡಿ, ಹೋಟೆಲು, ಕೆಲಸಗಾರರ ಬಗ್ಗೆ ಶಿಫಾರಸು ಕೇಳುವುದಕ್ಕೆಂದೇ ಒಂದು ಸೌಲಭ್ಯ ತಂದಿತು. ಉತ್ತರಗಳು ನಕ್ಷೆಯ ಮೇಲೆ ಒಂದೆಡೆ ಕೂಡುತ್ತಿದ್ದವು. ಎಷ್ಟು ಜನ ಹೆಸರು ಹೇಳಿದರೆಂಬುದು ಅದರಲ್ಲಿಯೂ ಕಾಣುತ್ತಿತ್ತು. ಹೇಳಿದವರಿಗೆ ಅದು ಹೇಗೆ ಗೊತ್ತಾಯಿತೆಂಬುದನ್ನು ನಾವೇ ಕೇಳಿ ತಿಳಿಯಬೇಕಿತ್ತು. ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ: "ಇದು ನಿಮಗೆ ಯಾರಿಂದ ತಿಳಿಯಿತು?"

ಸುರತ್ಕಲ್ ಇಲೆಕ್ಟ್ರಿಷಿಯನ್:
ನಾನು ಕೆಲಸ ಮಾಡುವ ಕಡೆಯವನು. ನಮ್ಮ ಬದಿಯ ಮಾತನ್ನೂ ಕೇಳಿ. ಮೂರು ವರ್ಷಗಳ ಹಿಂದೆ ಒಂದು ವಸತಿ ಸಮುಚ್ಚಯದಲ್ಲಿ ಇನ್ವರ್ಟರ್ ವೈರಿಂಗ್ ಮಾಡಿದ್ದೆ. ಅವರಿಗೆ ಸಂತೋಷವಾಗಿ ನನ್ನ ನಂಬರನ್ನು ತಮ್ಮ ಗ್ರೂಪ್‌ಗೆ ಹಾಕಿದರು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ, ಒಂದು ವಾರದಲ್ಲಿ ಅರುವತ್ತು ಕರೆಗಳು ಬಂದವು. ನಾನು ಮತ್ತು ನನ್ನ ತಮ್ಮ ಸೇರಿ ದಿನಕ್ಕೆ ಮೂರು ಮನೆಯ ಕೆಲಸ ಮಾಡಬಲ್ಲೆವು. ಬಂದ ಕೆಲಸ ಬಿಡಬಾರದೆಂದು ಹೊಸ ಹುಡುಗರನ್ನು ಸೇರಿಸಿಕೊಂಡೆ. ಅವರು ಹೋದ ಕಡೆಗಳಲ್ಲಿ ಕೆಲಸ ಸರಿಯಾಗಲಿಲ್ಲ, ಎರಡು ಮನೆಗೆ ನಾನೇ ಮತ್ತೆ ಹೋಗಿ ಹಣ ತೆಗೆದುಕೊಳ್ಳದೆ ಸರಿಪಡಿಸಿದೆ. ಯಾರ ಕೈಯ ಕೆಲಸವನ್ನು ಮೆಚ್ಚಿ ಹೆಸರು ಹೇಳಿದರೋ ಆ ಕೈ ನಿಮ್ಮ ಮನೆಗೆ ಬಾರದೇ ಹೋದರೆ ಆ ಶಿಫಾರಸು ನಿಮಗೆ ಅನ್ವಯಿಸುವುದೇ ಇಲ್ಲ. ಆದ್ದರಿಂದ ಫೋನ್ ಮಾಡುವಾಗಲೇ, "ನೀವೇ ಬರುತ್ತೀರಾ, ಬೇರೆಯವರನ್ನು ಕಳುಹಿಸುತ್ತೀರಾ?" ಎಂದು ಕೇಳಿ. ಪ್ರಾಮಾಣಿಕ ಕೆಲಸಗಾರನಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಇನ್ನೊಂದು ಮಾತು. ಶಿಫಾರಸಿನ ಜೊತೆ ಹಳೆಯ ದರವೂ ಹೋಗುತ್ತದೆ. "ಅವರಿಗೆ ಐನೂರಕ್ಕೆ ಮಾಡಿಕೊಟ್ಟಿದ್ದೀರಂತೆ" ಎಂದು ಜಗಳವಾಡುವವರು, ಅದು ಯಾವ ವರ್ಷದ ಮಾತು, ಯಾವ ಕೆಲಸಕ್ಕೆ ಎಂದು ನೋಡುವುದಿಲ್ಲ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಸ್ವಿಚ್ಚಿನೊಳಗಿನ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಹಾಕಬೇಕಾದ ಸಾಮಾನೇ ಬೇರೆ, ಅದರ ಬೆಲೆಯೂ ಬೇರೆ.

ಬ್ರಹ್ಮಾವರದ ಗೃಹಿಣಿ:
ಅಣ್ಣ, ಹಾಗಾದರೆ ಇಲೆಕ್ಟ್ರಿಷಿಯನ್ ಸರಿಯಾದವನೇ ಎಂದು ನಮ್ಮಂಥವರು ತಿಳಿಯುವುದು ಹೇಗೆ?

ಸುರತ್ಕಲ್ ಇಲೆಕ್ಟ್ರಿಷಿಯನ್:
ಹೊಸ ವಿದ್ಯುತ್ ಸಂಪರ್ಕಕ್ಕೆ ಮೆಸ್ಕಾಂಗೆ (ನಮ್ಮ ಕಡೆಯ ವಿದ್ಯುತ್ ಸರಬರಾಜು ಕಂಪನಿಗೆ) ಅರ್ಜಿ ಹಾಕುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಹೋಗಬೇಕು. ಆ ಲೈಸೆನ್ಸನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಇಡೀ ಮನೆಯ ವೈರಿಂಗ್ ಮಾಡಿಸುವುದಾದರೆ ಲೈಸೆನ್ಸ್ ತೋರಿಸಲು ಹೇಳಿ, ಅದು ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ. ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಆ ಮನುಷ್ಯ ಹೇಳಿದ ಸಮಯಕ್ಕೆ ಬರುತ್ತಾನೆಂದು ಹೇಳಲಾಗದು. ಅದನ್ನು ಮಾಡಿಸಿದವರನ್ನೇ ಕೇಳಬೇಕು.

ದುಬೈಯಲ್ಲಿರುವ ಕುಲಶೇಖರದವ:
ನಮ್ಮಂಥ ಪರದೇಶದಲ್ಲಿರುವ ಮಕ್ಕಳಿಗೆ ಈ ಗ್ರೂಪ್‌ಗಳಿಲ್ಲದೆ ಗತಿಯಿಲ್ಲ. ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಬಾವಿಯ ಪಂಪು ಕೆಟ್ಟರೆ ನಾನು ಇಲ್ಲಿಂದ ಗ್ರೂಪ್‌ನಲ್ಲಿ ಕೇಳುತ್ತೇನೆ, ಉತ್ತರಿಸುವವರಲ್ಲಿ ಹೆಚ್ಚಿನವರು ನನ್ನಂತೆಯೇ ಕೊಲ್ಲಿಯಲ್ಲಿರುವವರು. ಒಂದು ದಿನ ಲೆಕ್ಕ ಹಾಕಿ ನೋಡಿದಾಗ, ಪಂಪಿನ ಬಗ್ಗೆ ಸಲಹೆ ಕೊಟ್ಟ ಒಂಬತ್ತು ಜನರಲ್ಲಿ ಎಂಟು ಮಂದಿ ಆ ಎರಡು ವರ್ಷಗಳಲ್ಲಿ ಊರಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಇದ್ದವರೇ ಅಲ್ಲ. ಒಮ್ಮೆ ಹೀಗೆ ಸಿಕ್ಕಿದ ಒಬ್ಬರು, ಪಂಪನ್ನೇ ಬದಲಾಯಿಸಬೇಕೆಂದು ನನ್ನಿಂದ 18,000 ರೂಪಾಯಿ ತರಿಸಿಕೊಂಡರು. ನಂತರ ಅಪ್ಪ ಪಕ್ಕದ ಮನೆಯವರಿಂದ ವಿಚಾರಿಸಿದಾಗ, ಕೆಟ್ಟದ್ದು ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗ ಮಾತ್ರ ಎಂದು ತಿಳಿಯಿತು. ಈಗ ಯಾರೇ ಬಂದರೂ ಕೆಲಸದ ಜಾಗದಿಂದ ವಿಡಿಯೋ ಕರೆ ಮಾಡಿಸುತ್ತೇನೆ, ತೆಗೆದ ಹಳೆಯ ಬಿಡಿಭಾಗವನ್ನು ಮನೆಯಲ್ಲಿಯೇ ಇಟ್ಟುಹೋಗಬೇಕೆಂದು ಮೊದಲೇ ಹೇಳುತ್ತೇನೆ, ಮತ್ತು ನನಗಿಂತ ಮೊದಲು ಅಪ್ಪ ಒಪ್ಪಬೇಕು.

ಕಾಪುವಿನ ಅಂಗಡಿಯವ:
ನನ್ನ ದಾರಿ ಬೇರೆ. ನಾನು ಪಿಗ್ಮಿ ಸಂಗ್ರಹಕ್ಕೆ, ಅಂದರೆ ದಿನದಿನದ ಸಣ್ಣ ಉಳಿತಾಯದ ಹಣ ಪಡೆಯಲು ಬರುವವರನ್ನು ಕೇಳುತ್ತೇನೆ. ಪಿಗ್ಮಿ ಠೇವಣಿ ನಮ್ಮ ಉಡುಪಿಯಲ್ಲಿಯೇ 1928ರಲ್ಲಿ ಆರಂಭವಾದದ್ದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಅದನ್ನು ಶುರುಮಾಡಿತು. ಆಗ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಈಗಲೂ ಸಹಕಾರಿ ಸಂಘಗಳ ಪಿಗ್ಮಿಯವರು ದಿನವೂ ವೆಲ್ಡಿಂಗ್ ಶಾಪಿಗೆ, ಗ್ಯಾರೇಜಿಗೆ, ಬಡಗಿಯ ಕೊಟ್ಟಿಗೆಗೆ ಹೋಗುತ್ತಾರೆ. ಯಾರ ಬಾಗಿಲು ಹೇಳಿದ ಹೊತ್ತಿಗೆ ತೆರೆಯುತ್ತದೆ, ಯಾರ ಅಂಗಡಿಯ ಮುಂದೆ ದುರಸ್ತಿಗೆ ಬಂದ ಸಾಮಾನು ತಿಂಗಳುಗಟ್ಟಲೆ ಬಿದ್ದಿರುತ್ತದೆ, ಯಾರ ಜೊತೆ ಗಿರಾಕಿಗಳು ಜಗಳವಾಡುತ್ತಾರೆ, ಇದನ್ನೆಲ್ಲ ಅವರು ಕಣ್ಣಾರೆ ಕಾಣುತ್ತಾರೆ. ನಿಮ್ಮ ಐವರು ಗೆಳತಿಯರಿಗಿಂತ ಕಟಪಾಡಿ ಪೇಟೆಯ ಒಬ್ಬ ಪಿಗ್ಮಿಯವರ ಮಾತು ಹೆಚ್ಚು ಬೆಲೆಯುಳ್ಳದ್ದು.

ಕದ್ರಿಯ ವಕೀಲೆ:
ಪಿಗ್ಮಿ ಸಂಗ್ರಾಹಕರು ಖಾತೆದಾರರ ವ್ಯವಹಾರದ ಗುಟ್ಟನ್ನು ಕಾಪಾಡಬೇಕಾದವರು. ಅವರಿಂದ ಇಂಥ ಮಾಹಿತಿ ಕೇಳುವುದು ಸರಿಯೇ?

ಕಾಪುವಿನ ಅಂಗಡಿಯವ:
ಮೇಡಂ, ಯಾರು ಎಷ್ಟು ಕಟ್ಟುತ್ತಾರೆ ಎಂದು ನಾನು ಎಂದೂ ಕೇಳಿಲ್ಲ, ಕೇಳಿದರೂ ಅವರು ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ಬಡಗಿ ಯಾರು ಎಂದು ಮಾತ್ರ ಕೇಳುತ್ತೇನೆ. ಅದು ಪೇಟೆಯಲ್ಲಿ ನಿಂತ ಯಾರಿಗೂ ಕಾಣುವ ವಿಷಯ.

ಮಣಿಪಾಲದ ತಂತ್ರಜ್ಞ:
ಕಾಪುವಿನವರು ಹೇಳಿದ್ದಕ್ಕೆ ಸಮಾಜಶಾಸ್ತ್ರದಲ್ಲಿಯೂ ಆಧಾರವಿದೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಇದೇ ಬಗೆಯ ಮಾತನ್ನು ಮುಂದಿಟ್ಟರು. ಆಪ್ತ ಸ್ನೇಹಿತರ ಬಳಗದಲ್ಲಿ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಸುದ್ದಿ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಪರೂಪಕ್ಕೆ ಮಾತನಾಡುವ ಪರಿಚಿತರಿಂದ. ಒಂದೇ ಬ್ಯಾಚಿನ ಗೆಳತಿಯರ ನಡುವೆ ಒಂದೇ ನಂಬರು ಸುತ್ತು ಹೊಡೆದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಕೊಟ್ಟಾರದಿಂದ ಒಬ್ಬರು:
ಅದು ಒಪ್ಪುವ ಮಾತೇ. ಆದರೆ ಅಪರೂಪದ ಪರಿಚಿತರಿಗೆ ನಮ್ಮ ಬಗ್ಗೆ ಕಾಳಜಿ ಇರಬೇಕಾಗಿಲ್ಲ. ಹಾರ್ಡ್‌ವೇರ್ ಅಂಗಡಿಯವರು ಹೇಳುವ ಪ್ಲಂಬರ್ ಅವರಿಂದಲೇ ಪೈಪು ಖರೀದಿಸುವವರಾಗಿರುತ್ತಾರೆ. ಸುದ್ದಿ ಹೊಸದಾಗಿದ್ದರೆ ಸಾಲದು, ಹೇಳುವವರಿಗೆ ಅದರಲ್ಲಿ ಲಾಭವಿದೆಯೇ ಎಂದೂ ನೋಡಬೇಕು.

ಮಲ್ಪೆಯ ಓದುಗ:
ಯಾರೂ ಬಾಯಿಬಿಡದ ಒಂದು ವಿಷಯವನ್ನು ಹೇಳುತ್ತೇನೆ. ನಮ್ಮಲ್ಲಿ ಪ್ರತಿಯೊಂದು ಜಾತಿಗೂ, ಸಮುದಾಯಕ್ಕೂ ಒಂದೊಂದು ಗ್ರೂಪ್ ಇದೆ. ಅಲ್ಲಿ ಕೇಳಿದರೆ ಮೊದಲು ಬರುವ ಉತ್ತರ "ನಮ್ಮವರೇ ಒಬ್ಬರಿದ್ದಾರೆ" ಎಂದು. ಕೆಲಸ ಹೇಗೆ ಮಾಡುತ್ತಾರೆ ಎನ್ನುವುದು ಆಮೇಲಿನ ಮಾತು. ನಮ್ಮ ಮಗಳ ಮದುವೆಗೆ ನಾನು ಹೀಗೆಯೇ ಶಾಮಿಯಾನದವರನ್ನು ಗೊತ್ತುಮಾಡಿದೆ. ಅವರು ಬರಬೇಕಾದ್ದು ಮುನ್ನಾದಿನ ಮಧ್ಯಾಹ್ನ, ಬಂದದ್ದು ರಾತ್ರಿ ಹನ್ನೊಂದಕ್ಕೆ. ನೆರೆಮನೆಯವರು ತಮಗೆ ತಿಳಿದ ಇನ್ನೊಬ್ಬರನ್ನು ಸೂಚಿಸಿದ್ದರು. ಆದರೆ ಅವರು "ನಮ್ಮವರಲ್ಲ" ಎಂಬ ಒಂದೇ ಕಾರಣಕ್ಕೆ ನಾನು ಕಿವಿಗೊಟ್ಟಿರಲಿಲ್ಲ. ಅದಕ್ಕೆ ಈಗಲೂ ನನಗೆ ನಾಚಿಕೆಯಿದೆ.

ತೊಕ್ಕೊಟ್ಟಿನಿಂದ:
ನಮ್ಮವರಿಗೆ ಕೆಲಸ ಕೊಡುವುದರಲ್ಲಿ ತಪ್ಪೇನಿದೆ? ಗೊತ್ತಿರುವವರಾದರೆ ಕೆಲಸ ಕೆಟ್ಟಾಗ ಹಿಡಿದು ಕೇಳಬಹುದು.

ಮಲ್ಪೆಯ ಓದುಗ:
ಹಿಡಿದು ಕೇಳಬಹುದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಮರುದಿನ ಅದೇ ಜನರ ಜೊತೆ ಕುಳಿತು ಊಟ ಮಾಡಬೇಕಾದಾಗ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ, ಪೂರ್ತಿ ಹಣವನ್ನೂ ಕೊಟ್ಟು ಕಳುಹಿಸಿದೆ. ಮೇಲೆ ಕೊಟ್ಟಾರದವರು ತಮ್ಮ ದೊಡ್ಡಪ್ಪನ ಬಗ್ಗೆ ಹೇಳಿದ್ದು ಇದನ್ನೇ ಅಲ್ಲವೇ?

ಬ್ರಹ್ಮಾವರದ ಗೃಹಿಣಿ:
ಇದರ ಜೊತೆಗೇ ಸೇರಿದ ಇನ್ನೊಂದು ತೊಂದರೆಯಿದೆ. ಗ್ರೂಪ್‌ನಲ್ಲಿ ಒಳ್ಳೆಯದನ್ನು ಮಾತ್ರ ಬರೆಯುತ್ತಾರೆ. ನಮ್ಮ ಬೀದಿಯ ಗ್ರೂಪ್‌ನಲ್ಲಿ ಒಬ್ಬರು ಅಡುಗೆ ಗುತ್ತಿಗೆದಾರರ ಹೆಸರು ಹಾಕಿದಾಗ ಹತ್ತು ಜನ ಮೆಚ್ಚುಗೆಯ ಹೆಬ್ಬೆರಳಿನ ಚಿಹ್ನೆ ಒತ್ತಿದರು. ಆ ರಾತ್ರಿಯೇ ಮೂವರು ನನಗೆ ಖಾಸಗಿಯಾಗಿ, "ಅವರನ್ನು ಕರೆಯಬೇಡಿ, ಎರಡನೇ ಪಂಕ್ತಿಗೆ ಪಾಯಸವೇ ಇರಲಿಲ್ಲ" ಎಂದು ಬರೆದರು. ಮೂವರಲ್ಲಿ ಒಬ್ಬರು ಹೆಬ್ಬೆರಳು ಒತ್ತಿದವರೇ! ಅದಕ್ಕೇ ಈಗ ನಾನು ಗ್ರೂಪ್‌ನಲ್ಲಿ ಹೆಸರು ಕೇಳುತ್ತೇನೆ, ಅಭಿಪ್ರಾಯವನ್ನು ಫೋನ್ ಮಾಡಿ ಕೇಳುತ್ತೇನೆ. ಬರೆಯಲು ಹಿಂಜರಿಯುವವರು ಮಾತಿನಲ್ಲಿ ಹೇಳುತ್ತಾರೆ. "ಪರವಾಗಿಲ್ಲ" ಎನ್ನುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದರಿಂದಲೂ ತಿಳಿಯುತ್ತದೆ.

ಉರ್ವದಿಂದ:
ಅಡುಗೆಯವರ ವಿಷಯದಲ್ಲಿ ಸ್ನೇಹಿತರನ್ನು ಕೇಳುವುದಕ್ಕೂ ಮೊದಲು ನೋಡಬಹುದಾದ ಒಂದು ಸಂಗತಿಯಿದೆ. ಸಮಾರಂಭಗಳಿಗೆ ಅಡುಗೆ ಒದಗಿಸುವವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್ ಪಡೆದಿರಬೇಕು. ಅದು 14 ಅಂಕಿಗಳ ಸಂಖ್ಯೆ. ಬಿಲ್ಲಿನ ಮೇಲೆ ಇದೆಯೇ ನೋಡಿ. ರುಚಿಯ ವಿಚಾರಕ್ಕೆ, ಅವರು ಅಡುಗೆ ಮಾಡುವ ಬೇರೊಂದು ಸಮಾರಂಭಕ್ಕೆ ಹೋದವರನ್ನು ಕೇಳಿ, ಅದರಲ್ಲೂ ಕೊನೆಯ ಪಂಕ್ತಿಯಲ್ಲಿ ಕುಳಿತವರನ್ನು ಕೇಳಿ.

ತೊಕ್ಕೊಟ್ಟಿನಿಂದ:
ಇಷ್ಟೆಲ್ಲ ಯಾಕೆ? ಗೂಗಲ್ ಮ್ಯಾಪ್‌ನಲ್ಲಿ ನಕ್ಷತ್ರಗಳನ್ನು ನೋಡಿದರೆ ಸಾಲದೇ?

ಕದ್ರಿಯ ವಕೀಲೆ:
ಸಾಲದು. ದುಡ್ಡು ಕೊಟ್ಟು ಬರೆಸಿದ ವಿಮರ್ಶೆಗಳ ಹಾವಳಿ ಎಷ್ಟಿತ್ತೆಂದರೆ, ಭಾರತೀಯ ಮಾನಕ ಬ್ಯೂರೋ ನವೆಂಬರ್ 2022ರಲ್ಲಿ ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗೆಂದೇ ಐಎಸ್ 19000:2022 ಎಂಬ ಮಾನದಂಡವನ್ನು ತರಬೇಕಾಯಿತು. ಬರೆದವರು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸುವುದು, ಹಣ ಅಥವಾ ಉಡುಗೊರೆ ಪಡೆದು ಬರೆದ ವಿಮರ್ಶೆಗಳನ್ನು ಪ್ರಕಟಿಸದಿರುವುದು ಅದರಲ್ಲಿ ಸೇರಿವೆ. ಆದರೆ ಅದನ್ನು ಪಾಲಿಸುವುದು ಸ್ವಇಚ್ಛೆಗೆ ಬಿಟ್ಟದ್ದಾಗಿ ಜಾರಿಗೆ ಬಂತು. ಹಾಗೆಯೇ ಊರಿನ ಹೋಟೆಲುಗಳ ಬಗ್ಗೆ ವಿಡಿಯೋ ಮಾಡುವವರು ಆ ಹೋಟೆಲಿನಿಂದ ಹಣ ಅಥವಾ ಪುಕ್ಕಟೆ ಊಟ ಪಡೆದಿದ್ದರೆ ಅದನ್ನು ನೋಡುವವರಿಗೆ ತಿಳಿಸಬೇಕು. ತಪ್ಪು ಜಾಹೀರಾತುಗಳ ತಡೆಗೆ 2022ರಲ್ಲಿ ಬಂದ ಮಾರ್ಗಸೂಚಿಗಳು ಹಾಗೆ ಹೇಳುತ್ತವೆ.

ಈಗ ಮೊದಲು ಬರೆದವರ ವಿಷಯಕ್ಕೆ ಬರುತ್ತೇನೆ. ಶಿಫಾರಸು ಹೇಗೇ ಬಂದಿರಲಿ, ಹಣ ಪಡೆದು ಮಾಡಿದ ಕೆಲಸದಲ್ಲಿ ಲೋಪವಿದ್ದರೆ ಅದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯಾಗುತ್ತದೆ. ಮೊದಲು ಆ ವ್ಯಕ್ತಿಗೆ ಬರೆಹದಲ್ಲಿ ನೋಟಿಸ್ ಕಳುಹಿಸಿ, ಉತ್ತರಕ್ಕೆ 15 ದಿನ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅದರಿಂದ ಫಲ ಸಿಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಿ. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಹಣ ಕಳುಹಿಸಿದ ದಾಖಲೆ, ಸಂದೇಶಗಳು, ಸೋರುತ್ತಿರುವ ಜಾಗದ ದಿನಾಂಕ ಸಹಿತವಾದ ಫೋಟೋಗಳನ್ನು ಅಳಿಸಬೇಡಿ.

ಬ್ರಹ್ಮಾವರದ ತಂಗಿಗೂ ಒಂದು ಮಾತು. ಕೆಟ್ಟ ಅನುಭವವನ್ನು ಬರೆದರೆ ಮಾನನಷ್ಟದ ಕೇಸು ಬೀಳುತ್ತದೆಂದು ಜನ ಹೆದರುತ್ತಾರೆ. ಸಾರ್ವಜನಿಕರ ಒಳಿತಿಗಾಗಿ ಹೇಳಿದ ಸತ್ಯ ಸಂಗತಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿಯೇ ವಿನಾಯಿತಿ ಇದೆ. "ಕಳ್ಳ, ಮೋಸಗಾರ" ಎಂದು ಬರೆಯಬೇಡಿ. ಯಾವ ದಿನ ಎಷ್ಟು ಹಣ ಕೊಟ್ಟಿರಿ, ಏನು ಮಾಡುವುದಾಗಿ ಹೇಳಿದರು, ಏನಾಯಿತು ಎಂಬುದನ್ನು ಮಾತ್ರ ಬರೆಯಿರಿ.

ಜೆಪ್ಪುವಿನವ:
ಎಲ್ಲರೂ ಕೇಳಿದವರ ಬಗ್ಗೆ, ಹೇಳಿದವರ ಬಗ್ಗೆ ಮಾತನಾಡಿದಿರಿ. ಸೋರಿದ ಮಾಡನ್ನು ಯಾರೂ ನೋಡಲಿಲ್ಲ. ನನ್ನ ತಂದೆ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು ನಮ್ಮ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ. ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿ ಕೂರುವ ಹಂಚು. ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರ ಜೊತೆ ಸರಿಯಾಗಿ ಕಚ್ಚುವುದಿಲ್ಲ, ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿಮಳೆಗೆ ನೀರು ಒಳಗೆ ನುಗ್ಗುತ್ತದೆ. ಹಂಚಿನ ಮೇಲೆ ನಡೆಯಲು ಗೊತ್ತಿಲ್ಲದವರು ರೀಪು (ಹಂಚನ್ನು ಹೊರುವ ಮರದ ಪಟ್ಟಿ) ಇಲ್ಲದ ಕಡೆ ಕಾಲಿಟ್ಟರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ನಿಮ್ಮ ದೇವರಕೋಣೆ ಹೊಸದಾಗಿ ಸೋರಿದ್ದು ಹೀಗೆಯೇ ಇರಬಹುದು.

ಒಂದು ಪ್ರಶ್ನೆ ಕೇಳುತ್ತೇನೆ: ಆ ಮನುಷ್ಯ ನಿಜವಾಗಿ ಮಾಡುವ ಕೆಲಸ ಯಾವುದು? ಈಗ ಮಾಡಿನ ಕೆಲಸ ಎಂದರೆ ಹೆಚ್ಚಿನವರು ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹೊದಿಸುವುದು. ಅದರಲ್ಲಿ ನಿಪುಣರಾದವರಿಗೆ ಪಕ್ಕಾಸು (ಮಾಡಿನ ಇಳಿಜಾರು ತೊಲೆ), ರೀಪು, ಹಂಚಿನ ಅನುಭವ ಇರಬೇಕಾಗಿಲ್ಲ. ನಿಮಗೆ ಬಂದ ಶಿಫಾರಸು ಸುಳ್ಳೇ ಆಗಿರಬೇಕಾಗಿಲ್ಲ. ಶೀಟಿನ ಕೆಲಸಕ್ಕೆ ಸತ್ಯವಾದದ್ದು ಹಂಚಿನ ಮನೆಗೆ ಬಂದು ಮುಟ್ಟಿರಬಹುದು.

ತೊಕ್ಕೊಟ್ಟಿನಿಂದ:
ಹಂಚನ್ನೇ ತೆಗೆದು ಶೀಟು ಹಾಕಿಸಿದರೆ ಈ ತಲೆನೋವೇ ಇರುವುದಿಲ್ಲ.

ಜೆಪ್ಪುವಿನವ:
ಬೇಸಿಗೆಯ ಮಧ್ಯಾಹ್ನ ಶೀಟಿನ ಕೆಳಗೆ ಒಂದು ಗಂಟೆ ಕುಳಿತು ನೋಡಿ, ಆಮೇಲೆ ಹೇಳಿ. ವಯಸ್ಸಾದ ತಾಯಿ ಇರುವ ಮನೆ ಅದು.

ಸುರತ್ಕಲ್ ಇಲೆಕ್ಟ್ರಿಷಿಯನ್:
ಜೆಪ್ಪುವಿನವರು ಹೇಳಿದ್ದು ನಮ್ಮ ಕೆಲಸದಲ್ಲೂ ನಿಜ. ನಾನು ಮನೆ ವೈರಿಂಗ್ ಮಾಡುವವನು. ಲಿಫ್ಟ್ ರಿಪೇರಿ ಮಾಡುತ್ತೀರಾ ಎಂದು ಕೇಳುವವರೂ ಇದ್ದಾರೆ.

ಕಟಪಾಡಿಯ ಮಗಳು:
ಎಲ್ಲರಿಗೂ ಮನಸಾರೆ ಧನ್ಯವಾದ. ಈ ಹತ್ತು ದಿನಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಣಿಪಾಲದವರು ಹೇಳಿದಂತೆ ಆ ನಂಬರಿನ ಮೂಲವನ್ನು ಹುಡುಕುತ್ತ ಹೋದೆ. ಗೆಳತಿಯ ಅತ್ತಿಗೆ, ಅತ್ತಿಗೆಯ ಸಹೋದ್ಯೋಗಿ, ಅವರ ಭಾವ, ಹೀಗೆ ನಾಲ್ಕನೆಯವರಲ್ಲಿ ನಿಜವಾಗಿ ಕೆಲಸ ಮಾಡಿಸಿದ ಒಬ್ಬರು ಸಿಕ್ಕಿದರು. ಅವರು ಮಾಡಿಸಿದ್ದು ತಾರಸಿಯ ಮೇಲಿನ ಶೀಟಿನ ಮಾಡು! ಅದು ಎರಡು ಮಳೆಗಾಲ ಕಳೆದರೂ ಚೆನ್ನಾಗಿಯೇ ಇದೆಯಂತೆ. ಜೆಪ್ಪುವಿನ ಅಣ್ಣ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ನಡುವಿನ ನಾಲ್ವರು ದಾಟಿಸುವಾಗ "ಶೀಟು" ಎಂಬ ಮಾತು ಬಿದ್ದುಹೋಗಿ "ಮಾಡು" ಮಾತ್ರ ಉಳಿದಿತ್ತು.

ಕಾಪುವಿನವರ ಸಲಹೆಯಂತೆ ಅಮ್ಮ ಮನೆಗೆ ಬರುವ ಪಿಗ್ಮಿಯವರನ್ನು ಕೇಳಿದರು. ಅವರು ಹೇಳಿದ ಬಡಗಿಗೆ ವಾಟ್ಸ್‌ಆ್ಯಪ್ ಇಲ್ಲ, ಸಾದಾ ಫೋನು ಮಾತ್ರ. ಮಳೆ ಬಿಟ್ಟ ಒಂದು ಬೆಳಿಗ್ಗೆ ಅವರೇ ಬಂದು ಅಟ್ಟಕ್ಕೆ ಹತ್ತಿ, ಒಳಗಿನಿಂದಲೇ ಅರ್ಧ ಗಂಟೆ ನೋಡಿದರು. ಅಡುಗೆಕೋಣೆಯ ಮೂಲೆಯಲ್ಲಿ ಎರಡು ಮಾಡುಗಳು ಕೂಡುವ ಕಡೆ ಹಾಕಿದ್ದ ತಗಡು ತುಕ್ಕು ಹಿಡಿದು ತೂತಾಗಿದೆಯಂತೆ. ಹಿಂದಿನವರು ಅದನ್ನು ಮುಟ್ಟಿಯೇ ಇಲ್ಲ, ಸುತ್ತಲಿನ ಹಂಚು ಮಾತ್ರ ಬದಲಾಯಿಸಿದ್ದಾರೆ. ದೇವರಕೋಣೆಯ ಮೇಲೆ ಹದಿನಾಲ್ಕು ಹಂಚು ಬಿರುಕು ಬಿಟ್ಟಿವೆ. ಅವುಗಳನ್ನು ಅಂದೇ ಬದಲಾಯಿಸಿ, ಮೂಲೆಗೆ ಟಾರ್ಪಾಲು ಕಟ್ಟಿದರು. ತಗಡಿನ ಕೆಲಸವನ್ನು ಈ ಮಳೆಯಲ್ಲಿ ಮಾಡಬಾರದು, ದೀಪಾವಳಿ ಕಳೆದ ಮೇಲೆ ಬರುತ್ತೇನೆ ಎಂದರು. ಮುಂಗಡ ಕೊಡಲು ಹೋದರೆ ಅಮ್ಮನಿಂದ ಹಂಚಿನ ಹಣ ಮತ್ತು ಒಂದು ದಿನದ ಸಂಬಳ ಮಾತ್ರ ತೆಗೆದುಕೊಂಡರು. ಮೊದಲಿನವರಿಗೆ ನೋಟಿಸನ್ನೂ ಕಳುಹಿಸಿದ್ದೇನೆ.

ಕುಂಜಿಬೆಟ್ಟಿನ ನಿವೃತ್ತ ಮೇಷ್ಟ್ರು:
ಬಹಳ ಸಂತೋಷವಾಯಿತು, ಮಗಳೇ. ನಮ್ಮದೂ ಹಂಚಿನ ಮನೆಯೇ. ಆ ಬಡಗಿಯ ನಂಬರನ್ನು ನನಗೂ ಕೊಡುತ್ತೀರಾ?

ಕಟಪಾಡಿಯ ಮಗಳು:
ಖಂಡಿತ ಕೊಡುತ್ತೇನೆ ಮೇಷ್ಟ್ರೇ, ಆದರೆ ಸ್ವಲ್ಪ ತಡೆಯಿರಿ. ಹದಿನಾಲ್ಕು ಹಂಚು ಬದಲಾಯಿಸಿದ್ದನ್ನು ಮಾತ್ರ ನಾನು ಕಂಡಿದ್ದೇನೆ, ಅದರ ಮೇಲೆ ಮೂರು ದಿನದ ಮಳೆ ಬಿದ್ದಿದೆ, ದೇವರಕೋಣೆ ಒಣಗಿದೆ. ತಗಡಿನ ಕೆಲಸ ಇನ್ನೂ ಆಗಿಲ್ಲ. ಇಷ್ಟನ್ನು ತಿಳಿದೂ ಬೇಕೆಂದರೆ ಅವರನ್ನು ಒಮ್ಮೆ ಕೇಳಿ, ಅವರು ಒಪ್ಪಿದರೆ ನಿಮಗೆ ಫೋನಿನಲ್ಲಿಯೇ ಹೇಳುತ್ತೇನೆ. ಸುರತ್ಕಲ್ ಅಣ್ಣನಿಗಾದಂತೆ ಅವರಿಗೂ ಅರುವತ್ತು ಕರೆಗಳು ಬರುವುದು ಬೇಡ.